ಸೂಜಿ ಮಧ್ಯದಲ್ಲೇ ಇತ್ತು, ಆಯಿಲ್ ಮಾತ್ರ 131 ಡಿಗ್ರಿ!

ಭಾಗ 1/8: ಮೊದಲು ವಿಷಯ ಏನು ಅಂತ

ಈ ಸಲದ ಸೀರೀಸ್ ಸ್ವಲ್ಪ ಉದ್ದ ಇದೆ, ಒಟ್ಟು ಎಂಟು ಪೋಸ್ಟ್. ಪೂರ್ತಿ ಓದೋಕೆ ಈಗ ಟೈಮ್ ಇಲ್ಲ ಅಂದ್ರೆ ಸೇವ್ ಮಾಡಿ ಇಟ್ಕೊಳ್ಳಿ, ಘಾಟಿ ಹತ್ತೋ ಮೊದಲು ಓದಿ.

ಕಾರಿನ ಮೀಟರ್‌ನಲ್ಲಿ ಟೆಂಪರೇಚರ್ ಸೂಜಿ ನಡುಮಧ್ಯ ನಿಂತಿದೆ ಅಂದ ತಕ್ಷಣ ಎಂಜಿನ್ ಆರಾಮಾಗಿದೆ ಅಂತ ನಾವೆಲ್ಲ ನಂಬ್ತೀವಿ. ಟರ್ಬೊ ಕಾರಿನಲ್ಲಿ ಆ ನಂಬಿಕೆ ದುಬಾರಿ ಆಗಬಹುದು. ನಮ್ಮ ಮನೆ ಕಾರಿನ ವಿಷಯದಲ್ಲಿ ಅದರ ಬೆಲೆ 92 ಸಾವಿರ ರೂಪಾಯಿ ಆಗೋದ್ರಲ್ಲಿತ್ತು.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. 1 ಲೀಟರ್, ಮೂರು ಸಿಲಿಂಡರ್, ಟರ್ಬೊ ಪೆಟ್ರೋಲ್. ಅಮ್ಮನಿಗೆ ತಿಂಗಳಿಗೊಂದು ಸಲ ಮಂಗಳೂರಲ್ಲಿ ಆಸ್ಪತ್ರೆ ಇರುತ್ತೆ. ಹಾಸನದಿಂದ ಹೋಗುವಾಗ ಶಿರಾಡಿ ಇಳಿಜಾರು, ಏನೂ ತೊಂದ್ರೆ ಇಲ್ಲ. ವಾಪಸ್ ಬರುವಾಗ ಗುಂಡ್ಯದಿಂದ ಏರು ಶುರು. ಅಲ್ಲಿಂದ ಹದಿನೈದು ನಿಮಿಷದಲ್ಲಿ ಡಿಸ್‌ಪ್ಲೇ ಮೇಲಿನ ಆಯಿಲ್ ಟೆಂಪರೇಚರ್ 110, 118, 125 ಅಂತ ಏರ್ತಾ ಹೋಗೋದು. ಕೂಲೆಂಟ್ ಸೂಜಿ ಮಾತ್ರ ಕದಲ್ತಾ ಇರ್ಲಿಲ್ಲ.

ಒಂದು ಗ್ಯಾರೇಜಿಗೆ ತೋರಿಸಿದ್ವಿ. "ಕೂಲೆಂಟ್ ಸರಿ ಇದೆ, ಆಯಿಲ್ ಮಾತ್ರ ಬಿಸಿ ಆಗ್ತಿದೆ ಅಂದ್ರೆ ಟರ್ಬೊ ಹೋಗ್ತಾ ಇದೆ. ಟರ್ಬೊ, ಆಯಿಲ್ ಕೂಲರ್ ಎರಡೂ ಚೇಂಜ್ ಮಾಡ್ಬೇಕು" ಅಂದ್ರು. ಬಿಲ್ ಅಂದಾಜು 92 ಸಾವಿರ. ಅಪ್ಪ ಆ ಕಾಗದ ಮಡಚಿ ಜೇಬಿಗೆ ಹಾಕ್ಕೊಂಡು, "ದುಡ್ಡು ಹೆಂಗೋ ಹೊಂದಿಸಬಹುದು ಕಣಮ್ಮ. ನಿಮ್ಮಮ್ಮನ್ನ ಕೂರಿಸ್ಕೊಂಡು ಘಾಟಿ ಮಧ್ಯ ನಿಲ್ಲೋ ಹಂಗೆ ಆಗ್ಬಾರ್ದು ಅಷ್ಟೇ" ಅಂದ್ರು.

ಹೊಂದಿಸೋ ಆ ದುಡ್ಡು ಎಲ್ಲಿಂದ ಬರ್ತಿತ್ತು ಅಂತ ನಂಗೊತ್ತು. ನನ್ನ ಮುಂದಿನ ವರ್ಷದ ಫೀಸು. ಹಾಗಾಗಿ "ಅಪ್ಪಾ, ಒಂದು ಟ್ರಿಪ್ ಟೈಮ್ ಕೊಡಿ, ಮೊದಲು ಅಳತೆ ಮಾಡೋಣ" ಅಂದೆ. ಆ ಅಳತೆ ಹೆಂಗೆ ಮಾಡಿದ್ವಿ, ಏನು ಸಿಕ್ತು ಅನ್ನೋದೇ ಈ ಸೀರೀಸ್.

ಒಂದೇ ಮಾತು ನೆನಪಿಟ್ಕೊಳ್ಳಿ: ಯಾವ ಪಾರ್ಟ್ ಹಾಳಾಗಿದೆ ಅಂತ ಕೇಳೋದಕ್ಕಿಂತ ಮೊದಲು, ಬಿಸಿ ಯಾವಾಗ ಏರುತ್ತೆ, ಎಷ್ಟು ಏರುತ್ತೆ ಅಂತ ಕೇಳಿ.

ಭಾಗ 2/8: ಆಯಿಲ್‌ಗೆ ಯಾಕೆ ಇಷ್ಟು ಕಷ್ಟ

ಎಂಜಿನ್ ಆಯಿಲ್ ಅಂದ್ರೆ ಬರೀ ಜಾರಿಸೋ ಎಣ್ಣೆ ಅಂತ ಅಂದ್ಕೋಬೇಡಿ. ಎಂಜಿನ್ ಒಳಗಿನ ಶಾಖ ಹೊತ್ತು ತರೋ ಕೂಲಿಯೂ ಅದೇ. ಕೂಲೆಂಟ್ ಹೋಗೋಕೆ ಆಗದ ಜಾಗಕ್ಕೆಲ್ಲ ಆಯಿಲ್ ಹೋಗುತ್ತೆ. ಕ್ರ್ಯಾಂಕ್ ಬೇರಿಂಗ್, ಕ್ಯಾಮ್ ಶಾಫ್ಟ್, ಬಹಳಷ್ಟು ಟರ್ಬೊ ಎಂಜಿನ್‌ಗಳಲ್ಲಿ ಪಿಸ್ಟನ್ನಿನ ತಳಕ್ಕೇ ಚಿಮ್ಮೋ ಸಣ್ಣ ಜೆಟ್, ಕೊನೆಗೆ ಟರ್ಬೊ ಬೇರಿಂಗ್.

ಟರ್ಬೊ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಅದರ ಶಾಫ್ಟಿನ ಒಂದು ತುದಿಯಲ್ಲಿ ಎಗ್ಸಾಸ್ಟ್ ಗ್ಯಾಸ್. ಪೆಟ್ರೋಲ್ ಎಂಜಿನ್ ಪೂರ್ತಿ ಲೋಡ್‌ನಲ್ಲಿದ್ದಾಗ ಅದರ ಬಿಸಿ 900 ಡಿಗ್ರಿ ಹತ್ತಿರ ಇರುತ್ತೆ. ಸಣ್ಣ ಟರ್ಬೊಗಳು ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುತ್ತವೆ. ಆ ಶಾಫ್ಟ್ ತೇಲ್ತಾ ಇರೋದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಆ ಪದರ ಹೋಯ್ತು ಅಂದ್ರೆ ಟರ್ಬೊ ಹೋಯ್ತು.

ಈಗ ನಮ್ಮ ಘಾಟಿ ಲೆಕ್ಕ. ಕ್ಲಾಸಿನವರು ಬೇಕಾದ್ರೆ ಪೆನ್ನು ತಗೊಳ್ಳಿ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಎತ್ತರ ಹತ್ತಬೇಕು. ಜನ, ಲಗೇಜ್ ಸೇರಿ ಕಾರು ಒಂದೂವರೆ ಟನ್ ಅಂತ ಇಟ್ಕೊಳ್ಳಿ. 1500 ಇಂಟು 9.8 ಇಂಟು 800. ಹತ್ತಿರ ಹತ್ತಿರ 1 ಕೋಟಿ 18 ಲಕ್ಷ ಜೂಲ್. ಇದು ಬರೀ ಮೇಲೆ ಎತ್ತೋಕೆ. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಕೆಲಸಕ್ಕೆ ತರುತ್ತೆ. ಉಳಿದಿದ್ದೆಲ್ಲ ಶಾಖ. ಅದರಲ್ಲಿ ಒಂದು ದೊಡ್ಡ ಪಾಲು ಸೈಲೆನ್ಸರ್ ಮೂಲಕ ಹೋದ್ರೂ, ಪೆಟ್ರೋಲಿನ ಒಟ್ಟು ಶಕ್ತಿಯ ಮೂರರಲ್ಲಿ ಒಂದು ಭಾಗದಷ್ಟು ಕೂಲೆಂಟ್ ಮತ್ತು ಆಯಿಲ್ ತಲೆ ಮೇಲೆ ಬೀಳುತ್ತೆ. ಮುಕ್ಕಾಲು ಗಂಟೆಯಲ್ಲಿ ಹತ್ತಿದ್ರೆ ಸರಾಸರಿ 5 ಕಿಲೋವ್ಯಾಟ್‌ಗಿಂತ ಜಾಸ್ತಿ. ಬಾನೆಟ್ ಒಳಗೆ ಎರಡು ಬಾತ್‌ರೂಮ್ ಗೀಸರ್ ಆನ್ ಮಾಡಿ ಇಟ್ಟ ಹಾಗೆ. ಕಡಿದಾದ ತಿರುವುಗಳಲ್ಲಿ ಇನ್ನೂ ಜಾಸ್ತಿ.

ಅದೇ ಹೊತ್ತಿಗೆ ಮುಂದೆ ಲಾರಿ, ನಮ್ಮ ಸ್ಪೀಡು 25, 30. ಗಾಳಿ ಕಮ್ಮಿ, ಶಾಖ ಜಾಸ್ತಿ. ಊರಲ್ಲಿ ಓಡಾಡುವಾಗ ಅಡಗಿ ಕೂತಿರೋ ತೊಂದರೆಗಳೆಲ್ಲ ಘಾಟಿಯಲ್ಲೇ ಯಾಕೆ ಹೊರಗೆ ಬರುತ್ತವೆ ಅಂತ ಈಗ ಅರ್ಥ ಆಗಿರಬೇಕು.

ಭಾಗ 3/8: ಎಷ್ಟಿದ್ರೆ ಹೆದರಬೇಕು

"ನಂದು 105 ತೋರಿಸ್ತಿದೆ, ಎಂಜಿನ್ ಹೋಯ್ತಾ?" ಅಂತ ಕಳೆದ ವಾರ ಇಬ್ಬರು ಮೆಸೇಜ್ ಮಾಡಿದ್ರಿ. ಇಲ್ಲ, ಹೋಗಿಲ್ಲ. ಆಯಿಲ್ ಬಿಸಿ ಆಗಲೇಬೇಕು. ಬಿಸಿ ಆದ್ರೇನೇ ಒಳಗೆ ಸೇರಿರೋ ತೇವ, ಪೆಟ್ರೋಲ್ ಆವಿ ಆಗಿ ಹೋಗೋದು.

ಹೆಚ್ಚಿನ ಕಾರುಗಳಿಗೆ ಹೊಂದೋ ಅಂದಾಜು ಹೀಗಿದೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಹೇಳಿದ್ರೆ ಅದೇ ಕೊನೇ ಮಾತು.

90ರಿಂದ 110: ಸಾಧಾರಣ ಓಡಾಟ. ನಿಶ್ಚಿಂತೆಯಾಗಿರಿ.
110ರಿಂದ 120: ಏರು, ಬೇಸಿಗೆ, ಹೈವೇ ಸ್ಪೀಡು. ಇದೂ ಸಹಜ.
120ರಿಂದ 130: ಜೋರಾಗಿ ದುಡಿಸಿದ್ದೀರಿ. ಸ್ವಲ್ಪ ಹೊತ್ತು ಇದ್ರೆ ಪರವಾಗಿಲ್ಲ. ಪ್ರತಿ ಸಲ ಇಲ್ಲಿಗೇ ಬರ್ತಿದ್ರೆ ಕಾರಣ ಹುಡುಕಿ.
130 ದಾಟಿ ಏರ್ತಾನೇ ಇದೆ: ಲೋಡ್ ಇಳಿಸಿ, ನಿಧಾನ ಮಾಡಿ, ಇದೇ ವಾರ ಚೆಕ್ ಮಾಡಿಸಿ.

ಬಿಸಿ ಜಾಸ್ತಿ ಆದ್ರೆ ಏನಾಗುತ್ತೆ? ಆಯಿಲ್ ತೆಳ್ಳಗಾಗುತ್ತೆ. ಡಬ್ಬಿ ಮೇಲೆ 5ಡಬ್ಲ್ಯೂ-30 ಅಂತ ಇರುತ್ತಲ್ಲ, ಅದರಲ್ಲಿ ಕೊನೆಯ 30 ಅನ್ನೋದು ಬಿಸಿಯಲ್ಲಿನ ಗ್ರೇಡ್. ಎಸ್‌ಎಇ ಜೆ300 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ, 30 ಗ್ರೇಡ್ ಆಯಿಲ್ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ ನಡುವೆ ಇರಬೇಕು. ಅದೇ ಸ್ಟ್ಯಾಂಡರ್ಡ್‌ನಲ್ಲಿ 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನಂಥ ಒತ್ತಡದಲ್ಲಿ ಇನ್ನೊಂದು ಟೆಸ್ಟ್ ಇದೆ. ಅಲ್ಲಿ 30 ಗ್ರೇಡ್‌ಗೆ ಕನಿಷ್ಠ 2.9, 5ಡಬ್ಲ್ಯೂ-40ಕ್ಕೆ ಕನಿಷ್ಠ 3.5 ಸೆಂಟಿಪಾಯ್ಸ್. ಅಂದ್ರೆ ಆಯಿಲ್ ಬಿಸಿಗೆ ಹೆದರಿ ಓಡೋ ಸರಕಲ್ಲ, ಅದನ್ನ ಮಾಡಿರೋದೇ ಬಿಸಿ ತಡೆಯೋಕೆ.

ಆದ್ರೆ ಆಯಸ್ಸು ಅಂತ ಒಂದಿದೆ. ಹತ್ತು ಡಿಗ್ರಿ ಏರಿದಂಗೆಲ್ಲ ಆಯಿಲ್ ಹಳಸೋ ವೇಗ ಹೆಚ್ಚುಕಮ್ಮಿ ಎರಡರಷ್ಟು ಆಗುತ್ತೆ ಅನ್ನೋದು ಇಂಜಿನಿಯರ್‌ಗಳ ಹಳೇ ಅಂದಾಜು. 110ರಲ್ಲಿ ಓಡೋ ಆಯಿಲ್‌ಗೂ 130ರಲ್ಲಿ ಓಡೋ ಆಯಿಲ್‌ಗೂ ನಾಲ್ಕು ಪಟ್ಟು ವ್ಯತ್ಯಾಸ. ಹತ್ತು ಸಾವಿರ ಕಿಲೋಮೀಟರ್ ಆಯಿಲ್ ಬದಲಾಯಿಸದೆ ಓಡಿಸೋರು ಇದನ್ನ ಎರಡು ಸಲ ಓದಿ.

ಇನ್ನೊಂದು ವಿಷಯ. ಬಿಸಿ ಆಗ್ತಿದೆ ಅಂತ ಮನಸ್ಸಿಗೆ ಬಂದಷ್ಟು ದಪ್ಪ ಆಯಿಲ್ ಹಾಕಿಸಬೇಡಿ. ದಪ್ಪ ಆದಷ್ಟೂ ಒಳಗಿನ ಉಜ್ಜಾಟ ಜಾಸ್ತಿ, ಶಾಖ ಇನ್ನೂ ಜಾಸ್ತಿ ಹುಟ್ಟುತ್ತೆ. ಮ್ಯಾನ್ಯುಯಲ್‌ನಲ್ಲಿ ಎರಡು ಗ್ರೇಡ್ ಕೊಟ್ಟಿದ್ರೆ ಮಾತ್ರ ಆಯ್ಕೆ ನಿಮ್ಮದು.

ಭಾಗ 4/8: ದುಡ್ಡು ಖರ್ಚಿಲ್ಲದ ಮೂರು ಟೆಸ್ಟ್

ನಾವು ಸ್ಪಾನರ್ ಮುಟ್ಟೋ ಮೊದಲು ಈ ಮೂರನ್ನ ಮಾಡಿದ್ವಿ. ನೀವೂ ಇದೇ ಕ್ರಮದಲ್ಲಿ ಮಾಡಿ.

ಒಂದು, ನಂಬರ್ ನಿಜಾನಾ? ರಾತ್ರಿಯೆಲ್ಲ ನಿಂತಿದ್ದ ಕಾರನ್ನ ಬೆಳಗ್ಗೆ ಬಿಸಿಲು ಬೀಳೋ ಮೊದಲು ನೋಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ, ಇಗ್ನಿಷನ್ ಮಾತ್ರ ಆನ್. ಒಬಿಡಿ ಬ್ಲೂಟೂತ್ ಅಡಾಪ್ಟರ್ ಹಾಕಿ ಫೋನಿನಲ್ಲಿ ಕೂಲೆಂಟ್, ಒಳಬರೋ ಗಾಳಿ, ಆಯಿಲ್ ಮೂರೂ ನೋಡಿ. ಎಲ್ಲ ತಣ್ಣಗಿರೋ ಹೊತ್ತಲ್ಲಿ ಮೂರೂ ಹೆಚ್ಚುಕಮ್ಮಿ ಹೊರಗಿನ ಹವೆಯಷ್ಟೇ ಇರಬೇಕು. ಆಯಿಲ್ ಒಂದೇ 15 ಡಿಗ್ರಿ ಜಾಸ್ತಿ ತೋರಿಸಿದ್ರೆ ಎಂಜಿನ್ ಮೇಲಲ್ಲ, ಸೆನ್ಸರ್ ಮೇಲೆ ಅನುಮಾನ ಪಡಿ. ನಮ್ಮದರಲ್ಲಿ 21, 21, 22. ಸೆನ್ಸರ್ ಸರಿ ಇತ್ತು. ಗಮನಿಸಿ, ಕೆಲವು ಕಾರುಗಳು ಒಬಿಡಿಯಲ್ಲಿ ಆಯಿಲ್ ನಂಬರ್ ಕೊಡೋದಿಲ್ಲ. ಕೂಲೆಂಟ್ ನಂಬರ್ ಸಿಕ್ಕೇ ಸಿಗುತ್ತೆ.

ಎರಡು, ಡಿಪ್‌ಸ್ಟಿಕ್. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಆಯಿಲ್ ಕಮ್ಮಿ ಇದ್ರೆ, ಇರೋ ಸ್ವಲ್ಪ ಆಯಿಲ್ಲೇ ಪದೇ ಪದೇ ಸುತ್ತಿ ಬಿಸಿ ಆಗುತ್ತೆ. ಜಾಸ್ತಿ ಇದ್ರೂ ತಪ್ಪು. ಚೇಂಬರ್‌ನಲ್ಲಿ ಕ್ರ್ಯಾಂಕ್ ಆಯಿಲ್‌ಗೆ ಬಡಿದು ಮಜ್ಜಿಗೆ ಕಡೆದಂಗೆ ನೊರೆ ಎಬ್ಬಿಸುತ್ತೆ. ನೊರೆ ಶಾಖ ಒಯ್ಯೋದಿಲ್ಲ. ಹಾಕದೇನೇ ಲೆವೆಲ್ ಏರ್ತಾ ಇದೆ, ಪೆಟ್ರೋಲ್ ವಾಸನೆ ಬರ್ತಿದೆ ಅಂದ್ರೆ ಆಯಿಲ್‌ಗೆ ಪೆಟ್ರೋಲ್ ಬೆರೀತಾ ಇದೆ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡೋ ಡೈರೆಕ್ಟ್ ಇಂಜೆಕ್ಷನ್ ಕಾರುಗಳಲ್ಲಿ ಇದು ಆಗೋದುಂಟು. ಆಯಿಲ್ ಕಾಫಿ ಬಣ್ಣಕ್ಕೆ, ಕೆನೆ ಥರ ತಿರುಗಿದ್ರೆ ನೀರು ಸೇರಿದೆ, ಕಾರು ಓಡಿಸಬೇಡಿ. ನಮ್ಮದು ಎರಡು ಗುರುತಿನ ಮಧ್ಯ, ವಾಸನೆ ಇಲ್ಲ.

ಮೂರು, ಬಿಸಿ ಯಾವಾಗ ಏರುತ್ತೆ ಅಂತ ಬರೆದಿಡಿ. ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಓಡಿದಾಗ ಇಳಿದ್ರೆ ಫ್ಯಾನ್ ಕಡೆ ನೋಡಿ. ನೂರರ ಸ್ಪೀಡಿನಲ್ಲಿ ಏರಿದ್ರೆ ರೇಡಿಯೇಟರ್, ಥರ್ಮೋಸ್ಟಾಟ್, ಗಾಳಿ ದಾರಿ. ಏರು ಹತ್ತುವಾಗ ಮಾತ್ರ ಅಂದ್ರೆ ಒಟ್ಟು ತಂಪು ಮಾಡೋ ತಾಕತ್ತೇ ಎಲ್ಲೋ ಕಮ್ಮಿ ಆಗಿದೆ. ಒಂದು ಚಕ್ರ ಮಾತ್ರ ಸುಡ್ತಾ ಇದ್ರೆ ಬ್ರೇಕ್ ಹಿಡ್ಕೊಂಡಿದೆ, ಎಂಜಿನ್ ಸುಮ್ಮನೆ ಹೆಚ್ಚು ದುಡೀತಿದೆ.

ನಮ್ಮದು ಏರಿನಲ್ಲಿ ಮಾತ್ರ. ಊರಲ್ಲಿ ಆಯಿಲ್ 98 ದಾಟ್ತಾನೇ ಇರಲಿಲ್ಲ.

ಭಾಗ 5/8: ಸೂಜಿ ಮುಚ್ಚಿಟ್ಟಿದ್ದ ವಿಷಯ

ಈ ಪೋಸ್ಟ್ ಮುಖ್ಯ. ಎರಡನೇ ಫೋಟೋ ಝೂಮ್ ಮಾಡಿ ನೋಡಿ. ಮೇಲೆ ಮೀಟರ್, ಕೆಳಗೆ ಫೋನು. ಎರಡೂ ಒಂದೇ ಕ್ಷಣದ್ದು.

ಹಳೇ ಕಾರುಗಳಲ್ಲಿ ಸೂಜಿ ನೇರವಾಗಿ ಸೆನ್ಸರ್ ಹೇಳಿದಂಗೆ ಕುಣೀತಿತ್ತು. ಏರಿನಲ್ಲಿ ಸ್ವಲ್ಪ ಮೇಲೆ, ಇಳಿಜಾರಲ್ಲಿ ಸ್ವಲ್ಪ ಕೆಳಗೆ. ಸೂಜಿ ಹಾಗೆ ಆಡಿದ್ರೆ ಓಡಿಸೋರು ಗಾಬರಿ ಆಗ್ತಾರೆ. ಹಾಗಾಗಿ ಈಗಿನ ಬಹಳಷ್ಟು ಕಾರುಗಳಲ್ಲಿ ಕಂಪ್ಯೂಟರ್ ಮಧ್ಯೆ ಕೂತು ಸೂಜಿಯನ್ನ ಹಿಡಿದಿಡುತ್ತೆ. ಕೂಲೆಂಟ್ 75 ಇದ್ರೂ ಸೂಜಿ ಮಧ್ಯ, 105 ಇದ್ರೂ ಸೂಜಿ ಅಲ್ಲೇ ಅನ್ನೋ ಥರ ಸೆಟ್ ಮಾಡಿರ್ತಾರೆ. ನಿಜವಾದ ಅಪಾಯದ ಹತ್ತಿರ ಹೋದ ಮೇಲಷ್ಟೇ ಅದು ಮೇಲೇಳೋದು. ಆಯಿಲ್ ಟೆಂಪರೇಚರ್ ಡಿಜಿಟಲ್ ನಂಬರ್ ಆಗಿದ್ರೆ ಅದಕ್ಕೆ ಈ ಮುಸುಕು ಇರೋದಿಲ್ಲ. ಹಾಗಾಗಿ ನೋಡೋರಿಗೆ "ಕೂಲೆಂಟ್ ಸರಿ, ಆಯಿಲ್ ಮಾತ್ರ ತಪ್ಪು" ಅನ್ನಿಸುತ್ತೆ.

ಮುಂದಿನ ಆಸ್ಪತ್ರೆ ಟ್ರಿಪ್‌ನಲ್ಲಿ ಅಪ್ಪ ಸ್ಟಿಯರಿಂಗ್ ಹಿಡಿದ್ರು, ನಾನು ಪಕ್ಕದ ಸೀಟಲ್ಲಿ ಫೋನು, ನೋಟ್‌ಬುಕ್ ಹಿಡ್ಕೊಂಡು ಕೂತೆ. ಡ್ರೈವ್ ಮಾಡೋರು ಫೋನ್ ನೋಡೋ ಹಾಗಿಲ್ಲ, ಇದು ಕಂಡೀಷನ್.

ಗುಂಡ್ಯ ಬಿಡುವಾಗ: ಕೂಲೆಂಟ್ 92, ಆಯಿಲ್ 99.
ಏರು ಶುರುವಾಗಿ 8 ನಿಮಿಷ: ಕೂಲೆಂಟ್ 99, ಆಯಿಲ್ 117.
15 ನಿಮಿಷ: ಕೂಲೆಂಟ್ 106, ಆಯಿಲ್ 131.

ಮೂರೂ ಹೊತ್ತಲ್ಲೂ ಸೂಜಿ ಒಂದೇ ಜಾಗದಲ್ಲಿ!

ಈಗ ಯೋಚಿಸಿ. ನಮ್ಮದರಂಥ ಕಾರುಗಳಲ್ಲಿ ಆಯಿಲ್ ಕೂಲರ್ ಅಂದ್ರೆ ಒಂದು ಸಣ್ಣ ಅಲ್ಯೂಮಿನಿಯಂ ಪೆಟ್ಟಿಗೆ. ಒಂದು ಪದರದಲ್ಲಿ ಆಯಿಲ್, ಪಕ್ಕದ ಪದರದಲ್ಲಿ ಕೂಲೆಂಟ್. ಆಯಿಲ್ ತನ್ನ ಬಿಸಿಯನ್ನ ಕೂಲೆಂಟ್‌ಗೆ ಕೊಡುತ್ತೆ, ಕೂಲೆಂಟ್ ಅದನ್ನ ರೇಡಿಯೇಟರ್‌ಗೆ ಒಯ್ದು ಗಾಳಿಗೆ ಕೊಡುತ್ತೆ. ತಗೊಳ್ಳೋನೇ 106ರಲ್ಲಿ ಕುದೀತಾ ಕೂತಿದ್ರೆ ಕೊಡೋನು ತಣ್ಣಗಾಗೋದು ಹೆಂಗೆ?

ಅದಕ್ಕೇ ಎರಡೂ ನಂಬರ್ ಒಟ್ಟಿಗೆ ನೋಡಬೇಕು. ಕೂಲೆಂಟ್ ನಿಜವಾಗಿಯೂ 90, 95ರಲ್ಲೇ ನಿಂತಿದ್ದು ಆಯಿಲ್ ಒಂದೇ 130 ಮುಟ್ಟಿದ್ರೆ ತೊಂದರೆ ಆಯಿಲ್ ಕಡೆ: ಕೂಲರ್ ಒಳಗೆ ಕಟ್ಕೊಂಡಿರಬಹುದು, ಆಯಿಲ್ ಗ್ರೇಡ್ ತಪ್ಪಿರಬಹುದು, ಟರ್ಬೊದಿಂದ ಎಂಜಿನ್‌ಗೆ ಹೋಗೋ ಹೋಸ್ ಎಲ್ಲೋ ಸೀಳಿ ಗಾಳಿ ಸೋರ್ತಾ, ಟರ್ಬೊ ಸುಮ್ಮನೆ ಹೆಚ್ಚು ತಿರುಗ್ತಿರಬಹುದು. ಎರಡೂ ಜೊತೆಜೊತೆಗೆ ಏರಿದ್ರೆ ತೊಂದರೆ ಕೂಲೆಂಟ್ ಕಡೆ.

ನಮ್ಮದು ಎರಡನೇ ಥರ.

ಭಾಗ 6/8: ಹೀಟರ್ ಟೆಸ್ಟ್

ಅನುಮಾನ ಬಂತು. ಅನುಮಾನ ಅಂದ್ರೆ ಸಾಕ್ಷಿ ಅಲ್ಲ. ಇನ್ನೊಂದು ಟೆಸ್ಟ್ ಇದೆ, ಸ್ವಲ್ಪ ಬೆವರಬೇಕು ಅಷ್ಟೇ.

ಕಾರಿನ ಹೀಟರ್ ಅಂದ್ರೆ ಡ್ಯಾಶ್‌ಬೋರ್ಡ್ ಒಳಗಿರೋ ಒಂದು ಪುಟಾಣಿ ರೇಡಿಯೇಟರ್. ಅದರಲ್ಲಿ ಹರಿಯೋದೂ ಎಂಜಿನ್ ಕೂಲೆಂಟೇ. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಕೂಲೆಂಟ್‌ಗೆ ಇನ್ನೊಂದು ರೇಡಿಯೇಟರ್ ಸಿಕ್ಕಂಗಾಯ್ತು. ಮುಂದಿರೋ ಎಸಿ ಕಂಡೆನ್ಸರ್ ಕಾರೋ ಬಿಸಿಯೂ ನಿಂತುಹೋಯ್ತು.

ಹೀಗೆ ಮಾಡಿದಾಗ ಕೂಲೆಂಟ್ ಇಳಿದು, ಅದರ ಹಿಂದೇನೇ ಆಯಿಲ್ ಕೂಡ ಇಳಿದ್ರೆ ಆಯಿಲ್ ಕೂಲರ್ ಕೆಲಸ ಮಾಡ್ತಿದೆ ಅಂತ ಅರ್ಥ. ಅದಕ್ಕೆ ಬೇಕಾಗಿರೋದು ತಣ್ಣನೆ ಕೂಲೆಂಟ್ ಅಷ್ಟೇ. ಕೂಲೆಂಟ್ ಇಳಿದ್ರೂ ಆಯಿಲ್ ಇಳೀಲಿಲ್ಲ ಅಂದ್ರೆ ಕೂಲರ್ ಕಡೆ ಕೈ ತೋರಿಸಬಹುದು.

ಅಮ್ಮ ಹಿಂದಿನ ಸೀಟಲ್ಲಿ, "ಇದೇನೇ, ಬಿಸಿಲಲ್ಲಿ ಕಾರಿನೊಳಗೆ ಒಲೆ ಹಚ್ಚಿದ್ದೀಯ" ಅಂತ ಸೆರಗಲ್ಲಿ ಗಾಳಿ ಹಾಕ್ಕೊಂಡ್ರು. "ಐದೇ ನಿಮಿಷ ಅಮ್ಮ" ಅಂದೆ. ನಾಲ್ಕು ನಿಮಿಷಕ್ಕೆ ಕೂಲೆಂಟ್ 106ರಿಂದ 99ಕ್ಕೆ ಬಂತು. ಆಯಿಲ್ 131ರಿಂದ 125. ಅದೇ ಏರು, ಅದೇ ಗೇರು.

ಆಯಿಲ್ ಕೂಲರ್ ಜೀವಂತವಾಗಿತ್ತು. ಟರ್ಬೊ ವಿಷಯವೂ ನೋಡಿ. ಟರ್ಬೊ ಸಾಯ್ತಾ ಇದ್ರೆ ಸುಳಿವು ಕೊಡುತ್ತೆ. ನೀಲಿ ಹೊಗೆ, ಸೈರನ್ ಥರ ಕೀಚಲು ಶಬ್ದ, ಎಳೆತ ಕಮ್ಮಿ, ಆಯಿಲ್ ಖರ್ಚು. ಹೋಸ್ ಬಿಚ್ಚಿ ಶಾಫ್ಟ್ ಅಲ್ಲಾಡಿಸಿದ್ರೆ ಅತಿಯಾದ ಆಟ ಕೈಗೇ ಸಿಗುತ್ತೆ. ನಮ್ಮದರಲ್ಲಿ ಇದ್ಯಾವುದೂ ಇರಲಿಲ್ಲ.

ಇಲ್ಲಿ ನಿಮಗೆ ಒಂದು ಮಾತು ಹೇಳಲೇಬೇಕು. ಟರ್ಬೊ ಬದಲಾಯಿಸಿದ್ದಿದ್ರೆ ಕಾರು ಸರಿ ಹೋಗ್ತಿತ್ತಾ? ಇಲ್ಲ. ಬಿಸಿ ಏರೋ ಕಾರಣ ಹಾಗೇ ಉಳೀತಿತ್ತು. ಹೊಸ ಟರ್ಬೊ ಕೂಡ ಅದೇ 131 ಡಿಗ್ರಿ ಆಯಿಲ್‌ನಲ್ಲಿ ಬೇಯ್ತಾ ಇರೋದು. ಬಿಸಿ ಆಯಿಲ್ ಟರ್ಬೊವನ್ನ ಕೊಲ್ಲುತ್ತೆ. ಬಹಳ ಸಲ ನಾವು ಅದನ್ನ ತಿರುಗಾ ಮುರುಗಾ ಓದಿ, ಏಟು ತಿನ್ನೋನನ್ನೇ ಕಳ್ಳ ಅಂತ ಹಿಡೀತೀವಿ.

ಭಾಗ 7/8: ಬಂಪರ್ ಬಿಚ್ಚಿದಾಗ

ನಮ್ಮ ಬೀದಿ ಕೊನೆಯಲ್ಲಿ ಸಣ್ಣದೊಂದು ಗ್ಯಾರೇಜಿದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ನನ್ನ ನೋಟ್‌ಬುಕ್ ತಗೊಂಡು, ಕನ್ನಡಕ ಏರಿಸಿ, ಮೂರು ಸಾಲನ್ನೂ ಬೆರಳಿಟ್ಟು ಓದಿದ್ರು. ಆಮೇಲೆ ಟಾರ್ಚ್ ಹಿಡಿದು ಗ್ರಿಲ್ ಒಳಗೆ ಬಗ್ಗಿ ನೋಡಿ, "ಮುಂದಿಂದ ನೋಡಿದ್ರೆ ಚೆನ್ನಾಗೇ ಕಾಣ್ತದೆ ಕಣಮ್ಮ. ಮಧ್ಯ ನೋಡ್ಬೇಕು" ಅಂದ್ರು.

ಈ "ಮಧ್ಯ" ಅನ್ನೋದು ಏನು? ಕಾರಿನ ಮುಂಭಾಗದಲ್ಲಿ ಎಸಿ ಕಂಡೆನ್ಸರ್ ಮುಂದೆ, ರೇಡಿಯೇಟರ್ ಅದರ ಹಿಂದೆ, ಅದರ ಹಿಂದೆ ಫ್ಯಾನ್. ಕೆಲವು ಕಾರುಗಳಲ್ಲಿ ಇಂಟರ್‌ಕೂಲರ್ ಕೂಡ ಇದೇ ಸಾಲಲ್ಲಿ ನಿಲ್ಲುತ್ತೆ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಒಂದು ಬೆರಳಷ್ಟು ಸಂದಿ. ಮುಂದಿನಿಂದ ನುಗ್ಗಿದ ಧೂಳು, ಹುಳ, ಹುಲ್ಲಿನ ಬೀಜ ಎಲ್ಲ ಹೋಗಿ ಕೂರೋದು ಆ ಸಂದಿಯಲ್ಲೇ. ವಾಟರ್ ಸರ್ವೀಸ್‌ನಲ್ಲಿ ಮುಂದಿನಿಂದ ನೀರು ಹೊಡೆದ್ರೆ ಅದು ಇನ್ನೂ ಒಳಗೆ ಹೋಗಿ ಗಟ್ಟಿ ಆಗುತ್ತೆ.

ಬಂಪರ್ ಬಿಚ್ಚಿದ್ವಿ. ಮೂರನೇ ಫೋಟೋ. ರೇಡಿಯೇಟರ್‌ನ ಕೆಳಗಿನ ಅರ್ಧಕ್ಕೆ ಬೂದು ಬಣ್ಣದ ಕಂಬಳಿ ಹೊದಿಸಿದಂಗಿದೆ. ಅದು ಧೂಳು, ನಾರು, ಒಣಗಿದ ಕೆಸರು.

ಅಷ್ಟೇ ಅಲ್ಲ. ರೇಡಿಯೇಟರ್ ಎರಡೂ ಬದಿಗೆ ಪ್ಲಾಸ್ಟಿಕ್ ತಡೆ ಇರುತ್ತೆ. ಗ್ರಿಲ್‌ನಿಂದ ಬಂದ ಗಾಳಿ ಪಕ್ಕಕ್ಕೆ ತಪ್ಪಿಸ್ಕೊಳ್ಳದೆ ರೇಡಿಯೇಟರ್ ಒಳಗೇ ಹೋಗಲಿ ಅಂತ. ಎಡಗಡೆ ತಡೆ ಇರಲೇ ಇಲ್ಲ. ಹಿಂದಿನ ಮಾಲೀಕರ ಕಾಲದಲ್ಲಿ ಬಂಪರ್ ಕೆಲಸ ಆಗಿದೆ, ವಾಪಸ್ ಕೂರಿಸುವಾಗ ಯಾರೋ ಅದನ್ನ ಬಿಟ್ಟಿದ್ದಾರೆ. ನೋಡೋಕೆ ಕಾಸಿನ ಪ್ಲಾಸ್ಟಿಕ್. ಆದ್ರೆ ಗಾಳಿಗೆ ಸುಲಭದ ದಾರಿ ಸಿಕ್ಕಿದ್ರೆ ಅದು ಕಷ್ಟದ ದಾರಿಗೆ ಯಾಕೆ ಹೋಗುತ್ತೆ?

ಕೆಲಸ ಹೀಗಾಯ್ತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಇಳಿಸಿ, ರೇಡಿಯೇಟರ್ ಹೊರಗೆ ತೆಗೆದ್ವಿ. ಮೆತ್ತನೆ ಬ್ರಷ್, ಸಾದಾ ಪೈಪಿನ ನೀರು, ಹಿಂದಿನಿಂದ ಮುಂದಕ್ಕೆ. ಪ್ರೆಷರ್ ಗನ್ ಹತ್ತಿರ ಹಿಡಿದ್ರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಗಾಳಿ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತೆ, ಹುಷಾರು. ತಡೆ ಹೊಸದು ಹಾಕಿದ್ವಿ. ಕಂಪನಿ ಹೇಳಿದ ಕೂಲೆಂಟ್ ತುಂಬಿ ಗಾಳಿ ತೆಗೆದ್ವಿ. 130ರಲ್ಲಿ ಬೆಂದಿದ್ದ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದ್ವಿ, ಮ್ಯಾನ್ಯುಯಲ್‌ನಲ್ಲಿರೋ ಗ್ರೇಡೇ.

ರೇಡಿಯೇಟರ್ ಒಳಗೆ ಕಟ್ಟಿದೆಯಾ ಅಂತ ತಿಳಿಯೋಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿದ್ವಿ. ಹೊಳೆಯೋ ಅಲ್ಯೂಮಿನಿಯಂ ಮೇಲೆ ಆ ಗನ್ ತಪ್ಪು ಹೇಳುತ್ತೆ. ಅಲ್ಲಲ್ಲಿ ಕಪ್ಪು ಟೇಪಿನ ಚೂರು ಅಂಟಿಸಿ ಅದರ ಮೇಲೆ ಅಳೆಯಿರಿ. ನಡುವೆ ತಣ್ಣನೆ ತೇಪೆಗಳು ಸಿಕ್ಕಿದ್ರೆ ಅಲ್ಲಿ ಕೂಲೆಂಟ್ ಹರೀತಿಲ್ಲ ಅಂತ. ನಮ್ಮದರಲ್ಲಿ ಎಲ್ಲ ಕಡೆ ಸರಿ ಇತ್ತು.

ಒಟ್ಟು ಬಿಲ್ಲು 11,400 ರೂಪಾಯಿ.

ಭಾಗ 8/8: ಸಾಬೀತು, ಮತ್ತೆ ನಿಮಗೆ ನಾಲ್ಕು ಮಾತು

ರಿಪೇರಿ ಆಯ್ತು ಅಂದ ಮಾತ್ರಕ್ಕೆ ಮುಗೀಲಿಲ್ಲ. ಅದೇ ರಸ್ತೆ, ಅದೇ ಮೂರು ಜನ, ಅದೇ ಮಧ್ಯಾಹ್ನದ ಹೊತ್ತು, ಎಸಿ ಅಷ್ಟೇ ಇಟ್ಟು ಮತ್ತೆ ಅಳೆದ್ವಿ. ಏರು ಶುರುವಾಗಿ 15 ನಿಮಿಷಕ್ಕೆ ಕೂಲೆಂಟ್ 96, ಆಯಿಲ್ 116. ಮಾರನಹಳ್ಳಿ ದಾಟಿದ್ರೂ 118 ಮೀರಲಿಲ್ಲ. ಮೊದಲು 131 ಇದ್ದ ಜಾಗದಲ್ಲಿ 15 ಡಿಗ್ರಿ ಕಮ್ಮಿ. ಅಮ್ಮ ಸಕಲೇಶಪುರದವರೆಗೂ ನಿದ್ದೆ ಮಾಡಿದ್ರು.

ಮೊದಲಿನ ಗ್ಯಾರೇಜಿನವರನ್ನ ಬೈಯೋಕೆ ಈ ಸೀರೀಸ್ ಬರೆದಿಲ್ಲ. ಅವರ ಮುಂದೆ ದಿನಕ್ಕೆ ಇಪ್ಪತ್ತು ಕಾರು ನಿಲ್ಲುತ್ತೆ, ಘಾಟಿ ಹತ್ತಿ ನೋಡೋಕೆ ಅವರಿಗೆ ಪುರುಸೊತ್ತಿಲ್ಲ. ಘಾಟಿ ಹತ್ತೋರು ನಾವು. ಅಳತೆ ತಂದುಕೊಡಬೇಕಾದವರೂ ನಾವೇ. ದೊಡ್ಡ ಬಿಲ್ ಹೇಳಿದಾಗ ಜಗಳ ಬೇಡ, ಒಂದೇ ಪ್ರಶ್ನೆ ಕೇಳಿ: "ಸರ್, ಯಾವ ರೀಡಿಂಗ್ ನೋಡಿ ಹೇಳ್ತಿದ್ದೀರಿ?" ಗೊತ್ತಿರೋರು ಖುಷಿಯಿಂದ ತೋರಿಸ್ತಾರೆ. ತೋರಿಸಿದ್ರೆ ನಂಬಿ, ದುಡ್ಡು ಕೊಡಿ.

ಘಾಟಿಯಲ್ಲೇ ಬಿಸಿ ಏರಿದ್ರೆ ಏನು ಮಾಡೋದು? ಎಸಿ ಆಫ್, ಹೀಟರ್ ಆನ್. ಆಕ್ಸಿಲರೇಟರ್ ಸಡಿಲ ಬಿಡಿ. ಮೇಲಿನ ಗೇರಲ್ಲಿ ಎಂಜಿನ್ ಗುಡುಗಿಸಬೇಡಿ. ತಿರುವಿನಲ್ಲಿ ಅಲ್ಲ, ಜಾಗ ಇರೋ ಕಡೆ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ. ಒಂದೆರಡು ನಿಮಿಷ ಎಂಜಿನ್ ಐಡಲ್‌ನಲ್ಲಿ ಓಡಲಿ, ಟರ್ಬೊ ಒಳಗಿನ ಬಿಸಿ ಆಯಿಲ್ ಹೊರಗೆ ಬರುತ್ತೆ. ತಕ್ಷಣ ಆಫ್ ಮಾಡಿದ್ರೆ ಅಲ್ಲಿ ನಿಂತ ಆಯಿಲ್ ಸುಟ್ಟು ಮಸಿ ಕಟ್ಟುತ್ತೆ. ಆದ್ರೆ ಕೆಂಪು ಆಯಿಲ್ ಪ್ರೆಷರ್ ಲೈಟ್ ಬಂದ್ರೆ, ಅಥವಾ ಕೂಲೆಂಟ್ ಸುರೀತಿದ್ರೆ, ಕಾಯಬೇಡಿ, ಕೂಡ್ಲೇ ಆಫ್ ಮಾಡಿ. ಬಿಸಿ ಇರುವಾಗ ಕೂಲೆಂಟ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒಳಗೆ ಒತ್ತಡ ಇರುತ್ತೆ, ಮುಖಕ್ಕೇ ಎರಚುತ್ತೆ. ನೀರು ಬಾಟ್ಲು ಹಿಡಿದು ಸಹಾಯಕ್ಕೆ ಬರೋ ಅಣ್ಣಂದಿರಿಗೂ ಕೈ ಮುಗಿದು ಬೇಡ ಅನ್ನಿ.

ನಮ್ಮ ಕ್ಲಾಸಿನವರಿಗೆ ಒಂದು ಮಾತು. ಹೀಟ್ ಟ್ರಾನ್ಸ್‌ಫರ್ ಪೇಪರ್‌ನಲ್ಲಿ ಹೀಟ್ ಎಕ್ಸ್‌ಚೇಂಜರ್ ಪ್ರಾಬ್ಲಂ ಬರೆದು ಹತ್ತು ಮಾರ್ಕ್ಸ್ ತಗೊಳ್ತೀವಲ್ಲ, ಅದೇ ಲೆಕ್ಕ ಬಾನೆಟ್ ಕೆಳಗಿದೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು, ನಡುವೆ ಒಂದು ಗೋಡೆ. ತಂಪಿನ ಕಡೆ ಕಟ್ಕೊಂಡ್ರೆ ಬಿಸಿ ಕಡೆಯೋನು ಏನು ಮಾಡಿಯಾನು?

ಹೋಂವರ್ಕ್: ನಾಳೆ ಬೆಳಗ್ಗೆ ಕಾರು ಸ್ಟಾರ್ಟ್ ಮಾಡೋ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ, ಟಾರ್ಚ್ ಹಾಕಿ ಗ್ರಿಲ್ ಒಳಗೆ ಇಣುಕಿ. ಸಂದಿಯಲ್ಲಿ ಕಂಬಳಿ ಕಂಡ್ರೆ ಫೋಟೋ ತೆಗೆದು ನಂಗೆ ಕಳಿಸಿ. ಅಪ್ಪನ ಹತ್ರ ಟರ್ಬೊ ಕಾರಿರೋ ಫ್ರೆಂಡ್‌ಗೆ ಇದನ್ನ ಶೇರ್ ಮಾಡಿ.

#ಟರ್ಬೊ #ಎಂಜಿನ್‌ಆಯಿಲ್ #ಶಿರಾಡಿಘಾಟಿ #ಕಾರುಕಥೆ #ಕನ್ನಡದಲ್ಲಿಮೆಕ್ಯಾನಿಕಲ್